ಜೀವವುಳ್ಳ ಕಲ್ಲು ಮತ್ತು ನಡುಗೋಡೆ

1

ಅಂಕೋಲೆಯಿಂದ ಕಾರವಾರಕ್ಕೆ ಹೋಗುವ ಬಸ್ಸಿನಲ್ಲಿ ಕೂತಾಗಲೆಲ್ಲ ಅವ್ವಿ ಆಡಿದ ಒಂದು ಮಾತು ನೆನಪಾಗುತ್ತದೆ. ನಾನಾಗ ಸಣ್ಣವ. ಅವ್ವಿ ಉಪ್ಪಿನ ಆಗರದಲ್ಲಿ ಹೊರೆ ಹೊರುವವಳು. ಯಾವುದೋ ಕೆಲಸಕ್ಕೆ ಪೇಟೆಗೆ ಹೋದವರು ಒಂದು ಇಗರ್ಜಿಯ ಮುಂದೆ ನಿಂತಿದ್ದೆವು. ಅಂದು ಅಲ್ಲಿ ಹಬ್ಬ. ಒಳಗೆ ಹಾಡು, ಮೇಣದ ಬತ್ತಿ, ಹೊಸ ಬಟ್ಟೆಯ ಮಂದಿ. ಬಾಗಿಲು ಹಾರು ಹೊಡೆದಿತ್ತು. ತಡೆಯುವವರು ಯಾರೂ ಇರಲಿಲ್ಲ. ನಾನು ಮೆಟ್ಟಿಲಿಗೆ ಕಾಲಿಟ್ಟೆ. ಅವ್ವಿ ರಟ್ಟೆ ಹಿಡಿದು ಎಳೆದಳು. 'ಬ್ಯಾಡ ತಮಾ, ಇಲ್ಲೇ ನಿಂತ್ರೂ ಗಂಟೆ ಕೇಳ್ತದೆ' ಅಂದಳು.

ಅಲ್ಲಿ ಯಾರೂ ನಮಗೆ ಅವಮಾನ ಮಾಡಲಿಲ್ಲ. ಹಾಗಾಗಿ ಇದು ಆ ಇಗರ್ಜಿಯ ಮೇಲಿನ ದೂರಲ್ಲ. ಬೇರೆ ಬೇರೆ ಗುಡಿಗಳ ಮುಂದೆ ತಲೆಮಾರುಗಟ್ಟಲೆ ನಿಂತು ನಿಂತು ಅವ್ವಿಯ ಮೈಯೊಳಗೇ ಒಂದು ಹೊಸ್ತಿಲು ಬೆಳೆದಿತ್ತು. ತೆರೆದ ಬಾಗಿಲ ಮುಂದೆಯೂ ಅದು ಅವಳನ್ನು ತಡೆಯಿತು. ಮುಂದೆ ಕ್ರೈಸ್ತ ಬೋಧನೆಯನ್ನು ಓದತೊಡಗಿದಾಗ ನನಗೆ ಆಶ್ಚರ್ಯವಾಯಿತು. ದೇವರ ಆಲಯವೆಂದರೆ ಕಟ್ಟಡವಲ್ಲ, ನಂಬಿದ ಮಂದಿಯೇ ಆಲಯ, ಒಬ್ಬೊಬ್ಬ ಮನುಷ್ಯನೂ ಅದರಲ್ಲಿ ಜೀವವುಳ್ಳ ಕಲ್ಲು ಎನ್ನುತ್ತದೆ ಅದು. ಹಾಗಾದರೆ ಹೊಸ್ತಿಲು ಎಲ್ಲಿದೆ? ಮನುಷ್ಯರಿಂದಲೇ ಕಟ್ಟಿದ ಗುಡಿಯಲ್ಲಿ ಗೋಡೆಯನ್ನು ಯಾವುದರಿಂದ ಕಟ್ಟುತ್ತಾರೆ? ಈ ಬರಹ ಎತ್ತುತ್ತಿರುವ ಪ್ರಶ್ನೆ ಇಷ್ಟೇ.

2

ಮೊದಲು ಮಾತಿನಿಂದಲೇ ಶುರು ಮಾಡೋಣ. ನಮ್ಮ ಕಡೆ ಎಲ್ಲ ಜಾತಿಯವರೂ ಚರ್ಚಿಗೆ ಇಗರ್ಜಿ ಅಂತಲೇ ಹೇಳುವುದು. ಪೋರ್ಚುಗೀಸರ 'ಇಗ್ರೆಜಾ' ಗೋವೆಯಿಂದ ಕಾಳಿ ನದಿ ದಾಟಿ ಬಂದು ಇಗರ್ಜಿಯಾಯಿತು. ಅದರ ಬೇರು ಗ್ರೀಕಿನ 'ಎಕ್ಲೇಸಿಯ'. ಕರೆದು ಕೂಡಿಸಿದ ಜನರ ಕೂಟ ಎಂದು ಅದರ ಅರ್ಥ. ಕನ್ನಡ ಬೈಬಲ್ ಅನುವಾದಿಸಿದವರು ಇದನ್ನು 'ಸಭೆ' ಎಂದು ಮಾಡಿದ್ದು ಸರಿಯಾಗಿಯೇ ಇದೆ. ಜನರನ್ನು ಹೇಳುತ್ತಿದ್ದ ಮಾತು ನಮ್ಮ ಬಾಯಿಗೆ ಬರುವಷ್ಟರಲ್ಲಿ ಬಿಳಿ ಸುಣ್ಣದ ಕಟ್ಟಡವನ್ನು ಹೇಳತೊಡಗಿತು. ಈ ಅರ್ಥಪಲ್ಲಟದಲ್ಲೇ ಒಂದು ಚರಿತ್ರೆಯಿದೆ.

ಈ ಬೋಧನೆ ಹುಟ್ಟಿದ ಹೊತ್ತಿಗೆ ಜೆರೂಸಲೇಮಿನಲ್ಲಿ ಕಲ್ಲಿನ ದೇವಾಲಯವಿತ್ತು. ಹೊರಗಿನ ಅಂಗಳ ಅನ್ಯಜನರಿಗೆ, ಅದರಾಚೆ ಹೆಂಗಸರಿಗೆ, ಅದರಾಚೆ ಇಸ್ರಾಯೇಲಿನ ಗಂಡಸರಿಗೆ, ಮತ್ತೆ ಪುರೋಹಿತರಿಗೆ. ಗರ್ಭಗುಡಿಗೆ ಮಹಾಯಾಜಕ ಒಬ್ಬನೇ, ಅದೂ ವರ್ಷಕ್ಕೊಮ್ಮೆ. ಅನ್ಯಜನರ ಅಂಗಳ ಮುಗಿಯುವಲ್ಲಿ ಒಂದು ತಡೆಗೋಡೆ. ಇದನ್ನು ದಾಟಿದ ಪರಕೀಯನ ಸಾವಿಗೆ ಅವನೇ ಹೊಣೆ ಎಂದು ಸಾರುವ ಗ್ರೀಕ್ ಶಾಸನ. ಆ ಕಲ್ಲು 1871ರಲ್ಲಿ ಫ್ರೆಂಚ್ ವಿದ್ವಾಂಸ ಕ್ಲೆರ್ಮೋ-ಗನೊನ ಕೈಗೆ ಸಿಕ್ಕಿತು. ಇಂಥ ಬೋರ್ಡಿನ ಅರ್ಥವನ್ನು ನಮ್ಮ ಕೇರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಅಪೊಸ್ತಲ ಪೌಲನ ಮೇಲೆ ಜನ ಮುಗಿಬಿದ್ದದ್ದೇ ಎಫೆಸದ ಒಬ್ಬ ಪರದೇಶಿಯನ್ನು ದೇವಾಲಯದ ಒಳಗೆ ಕರೆತಂದ ಎಂಬ ಆರೋಪದ ಮೇಲೆ. ಅಂದರೆ ದೇವಾಲಯ ಪ್ರವೇಶದ ಮೊಕದ್ದಮೆ! ಎಫೆಸದವರಿಗೆ ಬರೆದ ಪತ್ರ ಎರಡು ಜನಗಳ ನಡುವಿನ ಗೋಡೆ ಬಿದ್ದುಹೋಯಿತು ಎಂದು ಸಾರಿ, ಅದೇ ಉಸಿರಿನಲ್ಲಿ ಆ ಎರಡೂ ಜನ ಸೇರಿ ದೇವರ ಮನೆಯಾಗುತ್ತಾರೆ ಎನ್ನುತ್ತದೆ. ಪೇತ್ರನ ಹೆಸರಿನ ಪತ್ರ ಇನ್ನೂ ಮುಂದೆ ಹೋಗಿ, ಕಟ್ಟುವವರು ಬೇಡವೆಂದು ಬಿಸಾಡಿದ ಕಲ್ಲೇ ಮೂಲೆಗಲ್ಲಾಯಿತು ಎಂಬ ಹಳೆಯ ಮಾತನ್ನು ಎತ್ತಿಕೊಂಡು, ಕೇಳುವವರೆಲ್ಲರನ್ನೂ ಪುರೋಹಿತರು ಎಂದು ಕರೆಯುತ್ತದೆ. ಇದನ್ನು ಯೆಹೂದಿಗಳ ಮೇಲಿನ ಹಗೆಯಾಗಿ ಓದಬಾರದು. ಎಲ್ಲ ಜನಗಳಿಗೂ ಪ್ರಾರ್ಥನೆಯ ಮನೆ ಎಂಬ ಕನಸನ್ನು ಮೊದಲು ಕಂಡವರು ಯೆಹೂದಿ ಪ್ರವಾದಿಗಳೇ. ಕ್ರಿ.ಶ. 70ರಲ್ಲಿ ರೋಮಿನ ಸೈನ್ಯ ಕಲ್ಲಿನ ಗುಡಿಯನ್ನು ಕೆಡವಿತು. ಮನುಷ್ಯರ ಗುಡಿ ಊರೂರಿಗೆ ನಡೆದುಹೋಯಿತು.

ಇಲ್ಲಿ ಬಸವಣ್ಣನವರು ನೆನಪಾಗದೆ ಇರುವುದಿಲ್ಲ. ದೇಹವನ್ನೇ ದೇಗುಲ ಮಾಡಿಕೊಂಡ ಹನ್ನೆರಡನೆಯ ಶತಮಾನದ ಆ ತಿಳಿವು ನಮ್ಮದೇ ನೆಲದ್ದು. ಆದರೆ ಒಂದು ವ್ಯತ್ಯಾಸವಿದೆ. ಕೊರಿಂಥದವರಿಗೆ ಪೌಲ 'ನೀವು ದೇವರ ಆಲಯ' ಎಂದಾಗ ಮೂಲ ಗ್ರೀಕಿನಲ್ಲಿ ಅದು ಬಹುವಚನ. ಕನ್ನಡದ 'ನೀವು' ಒಬ್ಬರಿಗೆ ಕೊಡುವ ಮರ್ಯಾದೆಯೂ ಹೌದು, ಹಲವರನ್ನು ಕರೆಯುವುದೂ ಹೌದು. ಹಾಗಾಗಿ ಪೀಠದ ಎದುರು ಕೂತವನಿಗೆ 'ನಾನೊಬ್ಬನೇ ಆಲಯ, ನನ್ನ ಮನಸ್ಸು ಶುದ್ಧವಿದ್ದರೆ ಸಾಕು' ಅಂತ ಕೇಳಿಸಿಬಿಡುತ್ತದೆ. ಪೌಲ ಹೇಳಿದ್ದು ಅದಲ್ಲ. ನೀವೆಲ್ಲ ಸೇರಿದರೆ ಮಾತ್ರ ಆಲಯ. ಅದೇ ಪತ್ರದ ಮುಂದಿನ ಭಾಗದಲ್ಲಿ ಅವನು ಕೊರಿಂಥದವರನ್ನು ಬೈಯುತ್ತಾನೆ. ಪ್ರಭುಭೋಜನಕ್ಕೆ ಕೂಡಿದಾಗ ಉಳ್ಳವರು ಮೊದಲೇ ಉಂಡು ಕುಡಿಯುತ್ತಾರೆ, ಇಲ್ಲದವರು ಹಸಿದಿರುತ್ತಾರೆ, ಇದೆಂಥ ಭೋಜನ ಅಂತ. ನಮ್ಮ ಮಾತಿನಲ್ಲಿ ಅದು ಪಂಕ್ತಿಭೇದ. ಆಲಯದ ಮಾತು ಬಂದ ಪತ್ರದಲ್ಲೇ ಪಂಕ್ತಿಭೇದದ ಮಾತೂ ಬಂದಿರುವುದನ್ನು ದಲಿತ ಓದು ಮರೆಯಬಾರದು. ಆ ಗುಡಿ ಬಿರುಕು ಬಿಟ್ಟದ್ದು ಮೊದಲ ತಲೆಮಾರಿನಲ್ಲೇ, ಊಟದ ಸಾಲಿನಲ್ಲಿ.

3

ಈ ಬೋಧನೆ ನಮ್ಮ ಕರಾವಳಿಗೆ ಬಂದಾಗ ಏನಾಯಿತು? ಗೋವೆಯಲ್ಲಿ ಪೋರ್ಚುಗೀಸರ ಆಳ್ವಿಕೆಯಲ್ಲಿ ಮತಾಂತರ ನಡೆದದ್ದು ಬಹುಮಟ್ಟಿಗೆ ಊರು ಊರಾಗಿ. ಊರಿನ ಜಮೀನು ಗಾಂವಕಾರರ ಕೈಯಲ್ಲೇ ಉಳಿಯಿತು. ಗುಡಿ ಹೋಗಿ ಇಗರ್ಜಿ ಬಂತು, ಒಡೆತನ ಹಾಗೇ ಇತ್ತು. ಬಾಮೊಣ್, ಚಾರೊಡಿ, ಸುದಿರ್ ಎಂಬ ಹೆಸರುಗಳು ದೀಕ್ಷಾಸ್ನಾನದ ನೀರಿನಲ್ಲಿ ಕರಗಲಿಲ್ಲ. ಮಹಾರರು ಕ್ರೈಸ್ತರಾದ ಮೇಲೂ ಮಹಾರರೇ. ಹಲವು ಇಗರ್ಜಿಗಳಲ್ಲಿ 'ಕೊಂಫ್ರಾರಿ' ಎಂಬ ಸಂಘಗಳು ಜಾತಿಯ ಮೇಲೆ ನಿಂತವು. ಹಬ್ಬ ನಡೆಸುವ ಹಕ್ಕು ಯಾರದು, ಮೆರವಣಿಗೆಯಲ್ಲಿ ಯಾವ ಬಣ್ಣದ ನಿಲುವಂಗಿ ಯಾರಿಗೆ ಎಂಬುದೆಲ್ಲ ಅಲ್ಲಿ ತೀರ್ಮಾನವಾಗುತ್ತಿತ್ತು. ತೇರಿನ ಮರ್ಯಾದೆಗೆ ಹೊಡೆದಾಡುವ ನಮ್ಮ ಊರುಗಳಿಗೆ ಇದು ಅಪರಿಚಿತ ಸಂಗತಿಯೇನಲ್ಲ.

1560ರಿಂದ 1812ರವರೆಗೆ ನಡುವೆ ಸ್ವಲ್ಪ ಕಾಲ ಬಿಟ್ಟು ಗೋವೆಯಲ್ಲಿ ಇನ್‌ಕ್ವಿಸಿಷನ್ ಇತ್ತು. ಅದರ ಭಯ, ಬರ, ಯುದ್ಧ, ಕಂದಾಯದ ಹೊರೆ ಇವೆಲ್ಲ ಸೇರಿ ಕೊಂಕಣಿ ಕ್ರೈಸ್ತರನ್ನು ಕನ್ನಡ ಕರಾವಳಿಗೆ ತಳ್ಳಿದವು. ಬರುವಾಗ ಅವರು ದೇವರನ್ನೂ ತಂದರು, ಜಾತಿಯನ್ನೂ ತಂದರು. ಕಾರವಾರದ ಸೀಮೆ 1953ರಲ್ಲಿ ಬೆಳಗಾವಿ ಧರ್ಮಪ್ರಾಂತ ಆಗುವವರೆಗೂ ಗೋವೆಯ ಆರ್ಚ್‌ಬಿಷಪ್ಪರ ಕೆಳಗಿತ್ತು. 1976ರಲ್ಲಿ ಕಾರವಾರವೇ ಧರ್ಮಪ್ರಾಂತವಾಯಿತು.

ಈ ಚರಿತ್ರೆಯೊಳಗಿನ ಒಂದು ಜೀವ ನನ್ನನ್ನು ಕಾಡುತ್ತದೆ. ಗೋವೆಯ ಪಾದ್ರಿ ಜೋಸೆಫ್ ವಾಜ್ 1681ರಿಂದ 1684ರವರೆಗೆ ಕೆನರಾದಲ್ಲಿ ದುಡಿದರು. ಅವರು ಆಮೇಲೆ ಸೇರಿದ ಗೋವೆಯ ಓರಟರಿ ಬ್ರಾಹ್ಮಣ ಮೂಲದ ಪಾದ್ರಿಗಳ ಕೂಟವಾಗಿತ್ತು. 1687ರಲ್ಲಿ, ಡಚ್ಚರು ಕಥೋಲಿಕರನ್ನು ಹತ್ತಿಕ್ಕುತ್ತಿದ್ದ ಶ್ರೀಲಂಕೆಗೆ ಅವರು ಕೂಲಿಯವನ ವೇಷದಲ್ಲಿ ಹೋದರು. ಜುವಾಂವ್ ಎಂಬ ಸೇವಕ ಜೊತೆಗಿದ್ದ. ವಾಜ್‌ರ ತ್ಯಾಗದ ಬಗ್ಗೆ ನನಗೆ ಗೌರವವಿದೆ. 2015ರಲ್ಲಿ ಅವರನ್ನು ಸಂತರೆಂದು ಸಾರಿದ್ದೂ ನ್ಯಾಯವೇ. ಆದರೆ ಒಬ್ಬರಿಗೆ ವೇಷವಾಗಿದ್ದದ್ದು ಇನ್ನೊಬ್ಬನಿಗೆ ಬದುಕೇ ಆಗಿತ್ತು. ಅದೇ ದಾರಿ ನಡೆದ ಜುವಾಂವ್‌ ಕತೆಯ ಅಂಚಿನಲ್ಲೇ ಉಳಿದ. ಜೀವವುಳ್ಳ ಕಲ್ಲುಗಳಲ್ಲೂ ಕೆಲವು ಶಿಖರಕ್ಕೆ, ಕೆಲವು ಪಾಯಕ್ಕೆ.

ಸಭೆಯ ಹಿರಿಯರಿಗೆ ಇದು ಗೊತ್ತಿರಲಿಲ್ಲವೇ? ಗೊತ್ತಿತ್ತು. 1623ರಲ್ಲಿ ಪೋಪ್ 15ನೆಯ ಗ್ರೆಗೊರಿ ಜನಿವಾರ, ಜುಟ್ಟುಗಳಿಗೆ ಷರತ್ತಿನ ಒಪ್ಪಿಗೆ ಕೊಟ್ಟರು. ಜೊತೆಗೇ, ಮೇಲುಜಾತಿಯಿಂದ ಬಂದವರು ಕೆಳಗಿನವರನ್ನು ತುಚ್ಛವಾಗಿ ಕಾಣಬಾರದೆಂದು ಬೇಡಿಕೊಂಡರು. 1744ರಲ್ಲಿ 14ನೆಯ ಬೆನೆಡಿಕ್ಟ್ ಎಲ್ಲರೂ ಒಂದೇ ಇಗರ್ಜಿಯಲ್ಲಿ ಪೂಜೆಗೆ ಕೂಡಬೇಕು ಎಂದರು. ಆದರೆ ಪರೆಯರಿಗೆಂದೇ ಬೇರೆ ಪಾದ್ರಿಗಳಿರುವ ಏರ್ಪಾಟಿಗೂ ಒಪ್ಪಿದರು. ಎಡಗೈಯಲ್ಲಿ ಗೋಡೆ ಒಡೆದು ಬಲಗೈಯಲ್ಲಿ ಕಟ್ಟಿದ ಹಾಗೆ. ತಮಿಳುನಾಡಿನ ವಡಕ್ಕನ್‌ಕುಳದಲ್ಲಿ 1872ರ ಇಗರ್ಜಿಯನ್ನು ಪ್ಯಾಂಟಿನ ಎರಡು ಕಾಲಿನ ಹಾಗೆ ಕಟ್ಟಿದರು. ಒಂದರಲ್ಲಿ ವೆಳ್ಳಾಳರು, ಇನ್ನೊಂದರಲ್ಲಿ ನಾಡಾರರು, ಇಬ್ಬರಿಗೂ ಕಾಣುವ ಹಾಗೆ ಪೀಠ. 1910ರ ಹೊತ್ತಿಗೆ ಪಾದ್ರಿಗಳು ನಡುಗೋಡೆ ಒಡೆಸಿದಾಗ, ಗೋಡೆ ನಮ್ಮ ಹಕ್ಕು ಎಂದು ಕೋರ್ಟಿಗೆ ಹೋದವರು ಕ್ರೈಸ್ತರೇ.

ಬಾಸೆಲ್ ಮಿಷನ್ನಿನವರು ಜಾತಿ ಬಿಟ್ಟೇ ಬರಬೇಕೆಂದು ಕಟ್ಟುನಿಟ್ಟು ಮಾಡಿದರು. ಮಂಗಳೂರಿನ ಸಾರಸ್ವತ ಬ್ರಾಹ್ಮಣ ಆನಂದರಾವ್ ಕೌಂಡಿನ್ಯ 1844ರಲ್ಲಿ ಕ್ರೈಸ್ತರಾದರು. ಕೊಡಗಿನಲ್ಲಿ ಕ್ರೈಸ್ತರಾದ ಹೊಲೆಯರಿಗಾಗಿ ಆನಂದಪುರ ಎಂಬ ಊರು ಎದ್ದದ್ದರಲ್ಲಿ ಅವರ ಪಾಲು ದೊಡ್ಡದು. ಜೀತದಿಂದ ಬಿಡಿಸಿಕೊಂಡವರಿಗೆ ಅದು ಆಸರೆಯಾಯಿತು, ಸುಳ್ಳಲ್ಲ. ಆದರೆ ಬೇರೆ ಊರು ಕಟ್ಟಿಕೊಡುವುದು ಒಂದು, ಇದ್ದ ಊರಿನ ಪಂಕ್ತಿಯಲ್ಲಿ ಕೂರಿಸುವುದು ಇನ್ನೊಂದು.

4

ಈಗ ಕಾನೂನಿನ ಮಾತು. ಕಲ್ಲಿನ ಗುಡಿಗೆ ಬಾಗಿಲಿದೆ. ಹಾಗಾಗಿ 1930ರಲ್ಲಿ ಬಾಬಾಸಾಹೇಬರ ಮುಂದಾಳತನದಲ್ಲಿ ನಾಸಿಕದ ಕಾಳಾರಾಮ ಮಂದಿರದ ಮುಂದೆ ಸತ್ಯಾಗ್ರಹ ಮಾಡಲು ಬಂತು. ನಮ್ಮ ಜಿಲ್ಲೆ ಆಗ ಮುಂಬಯಿ ಪ್ರಾಂತದಲ್ಲಿತ್ತು. 1947ರ ಮುಂಬಯಿ ದೇವಾಲಯ ಪ್ರವೇಶ ಕಾಯ್ದೆ ಬಾಗಿಲಿನ ಹೆಸರು ಹಿಡಿದೇ ಮಾತಾಡಿತು. ಮನುಷ್ಯರ ಗುಡಿಗೆ ಅಂಥ ಬಾಗಿಲು ಕಾಣುವುದಿಲ್ಲ. ಅಲ್ಲಿ ಜಾತಿಯಿಲ್ಲ ಎಂದು ಬೋಧನೆ ಹೇಳುತ್ತದೆ. ಪ್ರಭುತ್ವ ಆ ಬೋಧನೆಯನ್ನೇ ವಾಸ್ತವವೆಂದು ಓದಿಕೊಂಡಿತು. 1950ರ ರಾಷ್ಟ್ರಪತಿ ಆದೇಶದ ಮೂರನೆಯ ಪ್ಯಾರಾ, ಹಿಂದೂ ಅಲ್ಲದವರು ಪರಿಶಿಷ್ಟ ಜಾತಿಯವರಲ್ಲ ಎಂದಿತು. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿದರು. ಕ್ರೈಸ್ತ, ಮುಸ್ಲಿಂ ದಲಿತರು ಹೊರಗೇ ಉಳಿದರು.

ಮದರಾಸಿನ ರಸ್ತೆಬದಿಯಲ್ಲಿ ಚಪ್ಪಲಿ ಹೊಲಿಯುತ್ತಿದ್ದ ಸೂಸೈ ಎಂಬವರ ಕೇಸು ನೋಡಿ. ಸರಕಾರ ಪರಿಶಿಷ್ಟ ಜಾತಿಯ ಚಮ್ಮಾರರಿಗೆ ಪುಕ್ಕಟೆ ಗೂಡಂಗಡಿ ಕೊಟ್ಟಿತು. ಅದೇ ಜಾತಿ, ಅದೇ ಕಸುಬಿನ ಇವರಿಗೆ ಕ್ರೈಸ್ತರೆಂದು ಕೊಡಲಿಲ್ಲ. 1985ರಲ್ಲಿ ಸುಪ್ರೀಂ ಕೋರ್ಟು ಅರ್ಜಿ ತಳ್ಳಿಹಾಕಿತು. ಕ್ರೈಸ್ತ ಸಮಾಜದಲ್ಲೂ ಜಾತಿಯ ಬಾಧೆ ಅಷ್ಟೇ ಕ್ರೂರವಾಗಿ ಮುಂದುವರಿದಿದೆ ಎಂದು ತೋರಿಸಬೇಕು, ತೋರಿಸಿಲ್ಲ ಎಂದಿತು. ಇದರ ಅರ್ಥವೇನು? ದಲಿತ ಕ್ರೈಸ್ತನಿಗೆ ನ್ಯಾಯ ಸಿಗಬೇಕಾದರೆ ಇಗರ್ಜಿ ತನ್ನ ವಿರುದ್ಧ ತಾನೇ ಸಾಕ್ಷಿ ಹೇಳಬೇಕು. 'ನಮ್ಮಲ್ಲಿ ಭೇದವಿಲ್ಲ' ಎಂದು ಪೀಠದಿಂದ ಆಡಿದ ಒಂದೊಂದು ಒಳ್ಳೆಯ ಮಾತೂ ಕೋರ್ಟಿನಲ್ಲಿ ಬಡವನ ಗೂಡಂಗಡಿ ಕಿತ್ತುಕೊಳ್ಳುತ್ತದೆ.

ನಮ್ಮ ಜಿಲ್ಲೆಯಲ್ಲೇ ಇನ್ನೊಂದು ನಿದರ್ಶನವಿದೆ. ಹಳಿಯಾಳ, ಯಲ್ಲಾಪುರ ಕಡೆಯ ಸಿದ್ದಿಯರಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ. 2003ರಲ್ಲಿ ಉತ್ತರ ಕನ್ನಡದ ಸಿದ್ದಿಯರು ಪರಿಶಿಷ್ಟ ಪಂಗಡಕ್ಕೆ ಸೇರಿದಾಗ ಯಾರ ದೇವರು ಯಾರು ಎಂದು ಕೇಳಲಿಲ್ಲ, ಯಾಕೆಂದರೆ ಪಂಗಡದ ಪಟ್ಟಿಗೆ ಧರ್ಮದ ಷರತ್ತಿಲ್ಲ. ಸಿದ್ದಿ ಕ್ರೈಸ್ತನಾದರೂ ಸಿದ್ದಿ. ಮುಕ್ರಿ, ಆಗೇರ, ಮಹಾರ ಕ್ರೈಸ್ತನಾದರೆ ಪಟ್ಟಿಯಲ್ಲಿಲ್ಲ. ಕಾಲೇಜಿನಲ್ಲಿ ನನ್ನ ಜೊತೆ ಓದಿದ ಬಯಲುಸೀಮೆಯ ಗೆಳೆಯನಿಗೆ ಎರಡು ಹೆಸರು. ಇಗರ್ಜಿಯ ಪುಸ್ತಕದಲ್ಲೊಂದು, ಜಾತಿ ಸರ್ಟಿಫಿಕೇಟಿನಲ್ಲೊಂದು. 'ಎರಡ್ರಾಗೂ ಅರ್ಧ ಸುಳ್ಳಾಡೀನಿ ಮಾರಾಯ' ಅನ್ನುತ್ತಿದ್ದ.

ರಂಗನಾಥ ಮಿಶ್ರ ಆಯೋಗ 2007ರಲ್ಲಿ ಈ ಷರತ್ತು ತೆಗೆಯಿರಿ ಎಂದಿತು. 2022ರಲ್ಲಿ ಕೆ.ಜಿ. ಬಾಲಕೃಷ್ಣನ್ ಅವರ ಮುಂದಾಳತನದಲ್ಲಿ ಮತ್ತೊಂದು ಆಯೋಗ ನೇಮಕವಾಯಿತು. 2025ರ ಸೆಪ್ಟೆಂಬರಿನ ಕರ್ನಾಟಕದ ಸಮೀಕ್ಷೆಯಲ್ಲಿ ಜಾತಿಯ ಹೆಸರಿಗೆ ಕ್ರಿಶ್ಚಿಯನ್ ಎಂದು ಸೇರಿಸಿದ ಹೆಸರುಗಳು ಗದ್ದಲವಾಗಿ ಪಟ್ಟಿಯಿಂದ ಮರೆಯಾದವು. ಹೆಸರು ಅಳಿಸಿದರೆ ಜಾತಿ ಅಳಿಯುತ್ತದೆಯೇ?

ಒಳಗಿನಿಂದಲೇ ದನಿ ಎದ್ದದ್ದನ್ನೂ ಹೇಳಬೇಕು. 1981ರಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ಅರವಿಂದ ನಿರ್ಮಲ್ ಶೂದ್ರ ದೇವಶಾಸ್ತ್ರದ ಪ್ರಶ್ನೆ ಎತ್ತಿದರು. ದಲಿತ ದೇವಶಾಸ್ತ್ರ ಅಲ್ಲಿಂದ ಬೆಳೆಯಿತು. 2016ರಲ್ಲಿ ಕಥೋಲಿಕ ಬಿಷಪ್ಪರ ಮಂಡಳಿ ದಲಿತ ಸಬಲೀಕರಣದ ನೀತಿಪತ್ರದಲ್ಲಿ ಸಭೆಯೊಳಗೆ ಅಸ್ಪೃಶ್ಯತೆ ಇದೆ ಎಂದು ಒಪ್ಪಿಕೊಂಡಿತು. 2022ರಲ್ಲಿ ಹೈದರಾಬಾದಿನ ಆಂಥೋನಿ ಪೂಲ ಮೊದಲ ದಲಿತ ಕಾರ್ಡಿನಲ್ ಆದರು.

5

ಅವ್ವಿ ತೀರಿಕೊಂಡ ಮೇಲೆ ಒಮ್ಮೆ ನಾನು ಆ ಇಗರ್ಜಿಯೊಳಗೆ ಹೋದೆ. ಹಿಂದಿನ ಬೆಂಚಿನಲ್ಲಿ ಕೂತೆ. ಪಕ್ಕದ ಮುದುಕಿ ಸರಿದು ಜಾಗ ಕೊಟ್ಟಳು. ಎಲ್ಲಿಯವ ಅಂತ ಕೇಳಿದಳು. ಅಂಕೋಲೆ ಅಂದೆ. 'ಅಂಕೋಲೆಲಿ ಯಾರ ಪೈಕಿ?' ಅಂದಳು. ಹೇಳಿದೆ. ಅವಳು ಎದ್ದು ಹೋಗಲಿಲ್ಲ, ಮತ್ತೆ ಮಾತೂ ಆಡಲಿಲ್ಲ. ಕೆಟ್ಟ ಹೆಂಗಸು ಎಂದು ನನಗೆ ಅನ್ನಿಸಲಿಲ್ಲ. ಆದರೆ ನಾನು ಹುಡುಕುತ್ತಿದ್ದ ಗೋಡೆ ಆ ಪ್ರಶ್ನೆಯಲ್ಲಿತ್ತು. ಮನುಷ್ಯರ ಗುಡಿಯಲ್ಲಿ ಗೋಡೆಯೂ ಮನುಷ್ಯರಿಂದಲೇ ಆಗುತ್ತದೆ.

ಹಾಗಂತ ಈ ಬೋಧನೆಯೇ ಮೋಸ ಎಂದು ತಳ್ಳಿಹಾಕುವುದು ಸುಲಭ, ನಾನು ಅದನ್ನು ಮಾಡಲಾರೆ. ಬಿಸಾಡಿದ ಕಲ್ಲಿಗೆ ಮೂಲೆಗಲ್ಲಿನ ಸ್ಥಾನ ಕೊಡುವ ಮಾತು ನಮ್ಮದೂ ಹೌದು. ಅದನ್ನು ಸಮಾಧಾನದ ಮಾತಾಗಿ ಬಿಡದೆ ಅಳತೆಗೋಲಾಗಿ ಹಿಡಿಯಬೇಕು. ಯಾರ ಹೆಣ ಸ್ಮಶಾನದ ಯಾವ ಮೂಲೆಯಲ್ಲಿದೆ, ಇಗರ್ಜಿಯ ಸಮಿತಿಯಲ್ಲಿ ಯಾರಿದ್ದಾರೆ, ಪಾದ್ರಿಯಾಗಲು ಯಾವ ಕೇರಿಯ ಹುಡುಗರು ಹೋಗಿದ್ದಾರೆ, ಮದುವೆಯ ಸಂಬಂಧ ಯಾರೊಂದಿಗೆ ಯಾರಿಗೆ ಕುದುರಿದೆ—ಪ್ರತಿ ಇಗರ್ಜಿಯೂ ಇದನ್ನು ತಾನೇ ಬರೆದಿಡಲಿ, ಆಯೋಗಗಳ ಮುಂದೆ ಇಡಲಿ. ಆ ಪಟ್ಟಿ ನಾಚಿಕೆ ತರಬಹುದು. ದಲಿತ ಕ್ರೈಸ್ತನ ಹಕ್ಕಿಗೆ ಬೇಕಾದ ಸಾಕ್ಷಿ ಅದೇ.

ಕೊನೆಗೆ ನಮ್ಮ ಬುಡಕ್ಕೂ ಬರಬೇಕು. 1956ರಲ್ಲಿ ಬಾಬಾಸಾಹೇಬರು ನಮ್ಮನ್ನು ನಡೆಸಿದ್ದು ಮನುಷ್ಯರೇ ಕೂಡಿ ಆಗುವ ಸಂಘದ ಕಡೆಗೆ. 1970ರ ದಶಕದಲ್ಲಿ ನಾವು ಕಟ್ಟಿಕೊಂಡ ದಲಿತ ಸಂಘರ್ಷ ಸಮಿತಿಯೂ ಮನುಷ್ಯರದೇ ಮನೆ. ಅದು ಒಡೆದದ್ದಕ್ಕೆ, ಎಡ-ಬಲದ ಜಗಳಕ್ಕೆ ಹೊರಗಿನವರನ್ನಷ್ಟೇ ಬೈದರೆ ಸಾಲದು. ಕರಾವಳಿಯ ಮುಕ್ರಿ, ಆಗೇರರನ್ನು ನಮ್ಮ ರಾಜ್ಯಮಟ್ಟದ ವೇದಿಕೆಗಳು ಎಷ್ಟು ಸಲ ಕರೆದವು? 'ಯಾರ ಪೈಕಿ' ಅಂತ ನಾವೂ ಕೇಳುತ್ತೇವೆ. ಇಗರ್ಜಿಗೆ ಹಿಡಿದ ಅಳತೆಗೋಲನ್ನು ನಮ್ಮ ಸಂಘಟನೆಗಳ ಪಂಕ್ತಿಗೂ ಹಿಡಿಯುವವರೆಗೆ ಅವ್ವಿ ನಿಂತಿದ್ದ ಜಾಗದಲ್ಲಿ ಇನ್ನೊಬ್ಬಳು ತಾಯಿ ನಿಂತೇ ಇರುತ್ತಾಳೆ, ಮಗುವಿನ ರಟ್ಟೆ ಹಿಡಿದುಕೊಂಡು.