ಮುಖದ ಊತ ಮತ್ತು ಪಿತ್ತಗಂಧೆ

ಮೈಮೇಲೆ ತುರಿಕೆಯ ದದ್ದು ಎದ್ದವರಲ್ಲಿ ಕೆಲವರಿಗೆ ರೆಪ್ಪೆ, ತುಟಿ, ಕೆನ್ನೆಗಳೂ ಊದಿಕೊಳ್ಳುತ್ತವೆ. ದದ್ದಿಗೆ ಕನ್ನಡದಲ್ಲಿ ಪಿತ್ತಗಂಧೆ ಎನ್ನುತ್ತಾರೆ. ಊತಕ್ಕೆ ವೈದ್ಯರು ಇಟ್ಟ ಹೆಸರು ಆಂಜಿಯೊಎಡಿಮಾ. ಎರಡರಲ್ಲೂ ಸಣ್ಣ ರಕ್ತನಾಳಗಳಿಂದ ದ್ರವ ಸೋರುತ್ತದೆ. ಚರ್ಮದ ಮೇಲ್ಭಾಗದಲ್ಲಿ ಸೋರಿದರೆ ದದ್ದು, ಆಳದಲ್ಲಿ ಸೋರಿದರೆ ಊತ. ರೆಪ್ಪೆ, ತುಟಿಗಳ ಒಳಭಾಗ ಸಡಿಲವಾಗಿರುವುದರಿಂದ ದ್ರವ ಅಲ್ಲಿ ಬೇಗ ತುಂಬಿಕೊಳ್ಳುತ್ತದೆ. ಒಂದೊಂದು ದದ್ದು ಸಾಮಾನ್ಯವಾಗಿ 24 ಗಂಟೆಯೊಳಗೆ ಗುರುತೂ ಉಳಿಸದೆ ಮಾಯವಾಗುತ್ತದೆ, ಊತ ಇಳಿಯಲು ಎರಡು ಮೂರು ದಿನ ಬೇಕಾಗಬಹುದು.

ಆಯುರ್ವೇದದ 'ಮಾಧವ ನಿದಾನ' ಶೀತಪಿತ್ತ, ಉದರ್ದ ಎಂಬ ಹೆಸರುಗಳಲ್ಲಿ, ಕಣಜ ಕಚ್ಚಿದಂತೆ ಏಳುವ ತುರಿಕೆಯ ಊತವನ್ನು ವಿವರಿಸುತ್ತದೆ. ಮಲೆನಾಡು, ಕರಾವಳಿಯ ಮನೆಗಳಲ್ಲಿ ಗಂಧೆ ಎದ್ದವರಿಗೆ ಪುನರ್ಪುಳಿ ಪಾನಕ ಕೊಡುವ ರೂಢಿ ಇಂದಿಗೂ ಇದೆ.

ಯುರೋಪಿನ ಹಳೆಯ ದಾಖಲೆಗಳಲ್ಲಿ ಇಟಲಿಯ ವೈದ್ಯ ಮಾರ್ಚೆಲ್ಲೊ ದೊನಾತಿ 1586ರಲ್ಲಿ ಬರೆದದ್ದು ಪ್ರಸಿದ್ಧ. ಮೊಟ್ಟೆ ತಿಂದಾಗಲೆಲ್ಲ ತುಟಿ ಊದಿಕೊಳ್ಳುತ್ತಿದ್ದ ಸಿರಿವಂತ ಯುವಕನೊಬ್ಬನ ಪ್ರಸಂಗ ಅದು. ಮುಂದೆ 1876ರಲ್ಲಿ ಲಂಡನ್ನಿನ ಜಾನ್ ಲಾಸ್ ಮಿಲ್ಟನ್ ಇದನ್ನು ದೈತ್ಯ ಗಾತ್ರದ ಗಂಧೆಯೆಂದು ವರ್ಣಿಸಿದ. ಜರ್ಮನಿಯ ಕೀಲ್ ನಗರದ ಹೈನ್ರಿಶ್ ಕ್ವಿಂಕೆ 1882ರಲ್ಲಿ ಬರೆದ ವಿವರಣೆ ಎಷ್ಟು ಸ್ಪಷ್ಟವಾಗಿತ್ತೆಂದರೆ, ಕಾಯಿಲೆಗೆ ಬಹುಕಾಲ ಅವನ ಹೆಸರೇ ನಿಂತಿತು. ಕಾರಣದ ವಿಚಾರದಲ್ಲಿ ಮಾತ್ರ ಆ ಕಾಲದವರು ದಾರಿ ತಪ್ಪಿದರು: ಇದು ನರಗಳ ದೋಷವೆಂದು ನಂಬಿದರು.

1888ರಲ್ಲಿ ವಿಲಿಯಂ ಆಸ್ಲರ್ ಒಂದೇ ಕುಟುಂಬದ ಐದು ತಲೆಮಾರುಗಳಲ್ಲಿ ಹರಿದುಬಂದ ಊತವನ್ನು ದಾಖಲಿಸಿದ. ನಾಲಗೆಗೋ ಗಂಟಲಿಗೋ ಬಂದರೆ ಉಸಿರು ಕಟ್ಟಿ ಸಾಯುವ ಭಯ ಅಂಥ ಮನೆಗಳ ಮೇಲೆ ಸದಾ ಇರುತ್ತಿತ್ತು. ಈ ಆನುವಂಶಿಕ ಕಾಯಿಲೆಯಲ್ಲಿ ಗಂಧೆ ಏಳುವುದಿಲ್ಲ. ಊತದೊಂದಿಗೆ ದದ್ದು ಇದೆಯೇ ಇಲ್ಲವೇ ಎಂಬ ಈ ಸಣ್ಣ ವ್ಯತ್ಯಾಸವೇ ಇಡೀ ಚರಿತ್ರೆಯ ಕೀಲಿಕೈ. ಅದರ ಅರ್ಥ ತಿಳಿಯಲು ಇನ್ನೂ ಮುಕ್ಕಾಲು ಶತಮಾನ ಬೇಕಾಯಿತು.

ದದ್ದಿನ ಜೊತೆ ಬರುವ ಊತದ ಕಾರಣ ಮೊದಲು ಬಯಲಾಯಿತು. ಹೆನ್ರಿ ಡೇಲ್ 1910ರಿಂದ, ಇಲ್ಲಿ ರಕ್ತನಾಳಗಳನ್ನು ಸೋರಿಸುವ ಹಿಸ್ಟಮಿನ್ ಎಂಬ ವಸ್ತುವಿನ ಗುಣಗಳನ್ನು ಅಭ್ಯಸಿಸಿದ. 1937ರಲ್ಲಿ ಡೇನಿಯಲ್ ಬೋವೆ ಅದನ್ನು ತಡೆಯುವ ಮೊದಲ ರಾಸಾಯನಿಕವನ್ನು ತೋರಿಸಿದ. ಇಂದು ನಮ್ಮ ಔಷಧಿ ಅಂಗಡಿಗಳಲ್ಲಿ ಸಿಗುವ ಅವಿಲ್, ಸೆಟ್ರಿಜಿನ್ ಆ ವಂಶದವೇ. ಉಸಿರಾಟಕ್ಕೆ ತೊಂದರೆಯಾಗುವ ಅಥವಾ ರಕ್ತದೊತ್ತಡ ಕುಸಿಯುವ ತೀವ್ರ ಅಲರ್ಜಿಯಲ್ಲಿ ಮಾತ್ರ ಮಾತ್ರೆ ಸಾಲದು, ತಡಮಾಡದೆ ತೊಡೆಗೆ ಅಡ್ರಿನಲಿನ್ ಚುಚ್ಚಬೇಕು.

ಆಸ್ಲರ್ ಕಂಡಂಥ ರೋಗಿಗಳಿಗೆ ಇವು ಯಾವುವೂ ನಾಟುತ್ತಿರಲಿಲ್ಲ. 1963ರಲ್ಲಿ ಅಮೆರಿಕದ ವರ್ಜೀನಿಯಾ ಡೊನಾಲ್ಡ್‌ಸನ್ ಮತ್ತು ರಿಚರ್ಡ್ ಎವಾನ್ಸ್, ಈ ರೋಗಿಗಳ ರಕ್ತದಲ್ಲಿ ಸಿ1 ಇನ್ಹಿಬಿಟರ್ ಎಂಬ ಪ್ರೋಟೀನಿನ ಕೊರತೆಯಿದೆ ಎಂದು ತೋರಿಸಿದರು. ಆ ಕಡಿವಾಣ ಇಲ್ಲದಾಗ ಬ್ರಾಡಿಕೈನಿನ್ ಎಂಬ ವಸ್ತು ಮಿತಿಮೀರಿ ಹುಟ್ಟಿ, ರಕ್ತನಾಳಗಳನ್ನು ಸೋರಿಸುತ್ತದೆ. ಸುಮಾರು 50,000 ಜನರಲ್ಲಿ ಒಬ್ಬರಿಗೆ ಈ ಆನುವಂಶಿಕ ತೊಂದರೆ ಇದೆ.

ಬ್ರಾಡಿಕೈನಿನ್‌ನ ಕತೆ ಬ್ರೆಜಿಲ್‌ನಲ್ಲಿ ಆರಂಭವಾಗುತ್ತದೆ. ಜರರಾಕ ಎಂಬ ವಿಷಸರ್ಪದ ವಿಷವನ್ನು ಪರೀಕ್ಷಿಸುತ್ತಿದ್ದ ಮೌರಿಸಿಯೊ ರೋಶಾ ಇ ಸಿಲ್ವಾ ಮತ್ತು ಸಂಗಡಿಗರು 1940ರ ದಶಕದ ಕೊನೆಗೆ ಅದನ್ನು ಕಂಡುಹಿಡಿದರು. ಅದೇ ಹಾವಿನ ವಿಷದ ಅಧ್ಯಯನದಿಂದಲೇ ಬಿಪಿ ಔಷಧ ಕ್ಯಾಪ್ಟೊಪ್ರಿಲ್ ಕೂಡ ರೂಪುಗೊಂಡು, 1981ರಲ್ಲಿ ಅಮೆರಿಕದಲ್ಲಿ ಮಾರುಕಟ್ಟೆಗೆ ಒಪ್ಪಿಗೆ ಪಡೆಯಿತು. ಎನಲಪ್ರಿಲ್, ರಾಮಿಪ್ರಿಲ್ ಅದರ ಒಡಹುಟ್ಟುಗಳು. ಇವು ಬ್ರಾಡಿಕೈನಿನ್ ಒಡೆದುಹೋಗದಂತೆ ತಡೆಯುವುದರಿಂದ, ಸೇವಿಸುವವರಲ್ಲಿ ಶೇಕಡಾ ಒಂದಕ್ಕಿಂತ ಕಡಿಮೆ ಜನರಿಗೆ ದದ್ದಿಲ್ಲದೆ ಮುಖ, ನಾಲಗೆ ಊದಿಕೊಳ್ಳುತ್ತವೆ. ಕೆಲವರಿಗೆ ಮಾತ್ರೆ ಶುರುಮಾಡಿ ವರ್ಷಗಳಾದ ಮೇಲೂ ಹೀಗಾಗುವುದರಿಂದ, ದಿನವೂ ನುಂಗುವ ಗುಳಿಗೆಯ ಮೇಲೆ ಅವರಿಗೆ ಅನುಮಾನವೇ ಬರುವುದಿಲ್ಲ. ಆದ್ದರಿಂದ ಬಿಪಿ ಮಾತ್ರೆಯ ಹೆಸರನ್ನು ವೈದ್ಯರಿಗೆ ತಪ್ಪದೆ ಹೇಳಬೇಕು.

ಬ್ರಾಡಿಕೈನಿನ್‌ಗೇ ಅಡ್ಡಗಟ್ಟುವ ಇಕಾಟಿಬ್ಯಾಂಟ್ ಚುಚ್ಚುಮದ್ದಿಗೆ, ಆನುವಂಶಿಕ ಊತದ ಚಿಕಿತ್ಸೆಗಾಗಿ, 2008ರಲ್ಲಿ ಯುರೋಪಿನಲ್ಲಿ ಒಪ್ಪಿಗೆ ಸಿಕ್ಕಿತು. ಕೊರತೆಯಾದ ಪ್ರೋಟೀನನ್ನೇ ರಕ್ತಕ್ಕೆ ಏರಿಸುವ ಚಿಕಿತ್ಸೆಯೂ ಇದೆ. ಇವು ಕೈಗೆ ಸಿಗದ ಕಡೆ, ಭಾರತದ ಎಷ್ಟೋ ಆಸ್ಪತ್ರೆಗಳಲ್ಲಿ, ಶೈತ್ಯೀಕರಿಸಿಟ್ಟ ಪ್ಲಾಸ್ಮಾ ಕೊಟ್ಟು ರೋಗಿಯನ್ನು ಉಳಿಸಿಕೊಳ್ಳುತ್ತ ಬಂದಿದ್ದಾರೆ. ದಾನಿಯ ಪ್ಲಾಸ್ಮಾದಲ್ಲಿ ಆ ಪ್ರೋಟೀನು ಇರುತ್ತದೆ.