ಬಂದೇ ಬರುವ ಬಸ್ಸು: ಸಿಂಗಾಪುರದ ನಗರ ಸಾರಿಗೆ ನಡೆಯುವ ಬಗೆ

ಮಗಳ ಬಾಣಂತನಕ್ಕೆಂದು ಕರ್ನಾಟಕದಿಂದ ಸಿಂಗಾಪುರಕ್ಕೆ ಬರುವ ತಾಯಂದಿರು ಮೊದಲ ವಾರ ಮನೆ ಬಿಟ್ಟು ಕದಲುವುದಿಲ್ಲ. ತಿಂಗಳು ತುಂಬುವ ಹೊತ್ತಿಗೆ ಅವರಲ್ಲಿ ಹಲವರು ಬಸ್ ಕಾರ್ಡ್ ಹಿಡಿದು, ಸೆರಂಗೂನ್ ರಸ್ತೆಯ ಶ್ರೀನಿವಾಸ ಪೆರುಮಾಳ್ ದೇವಸ್ಥಾನಕ್ಕೆ ಒಬ್ಬರೇ ಹೋಗಿಬರುತ್ತಾರೆ. ನನ್ನ ಅಮ್ಮನೂ ಹಾಗೆಯೇ ಹೋಗಿಬಂದವರು. ಅವರಿಗೆ ಇಂಗ್ಲಿಷ್ ಬಾರದು, ದಾರಿಯೂ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಬಸ್ಸಿನ ನಂಬರು ಮಾತ್ರ. ಅಷ್ಟರಿಂದಲೇ ಕೆಲಸ ಸಾಗಿತು, ಏಕೆಂದರೆ ಆ ನಂಬರಿನ ಬಸ್ಸು ಬಂದೇ ಬರುತ್ತಿತ್ತು. ಈ ನಂಬಿಕೆ ತಾನಾಗಿ ಹುಟ್ಟಿದ್ದಲ್ಲ. ಲೆಕ್ಕ, ಕರಾರು, ರಸ್ತೆಯ ಮೇಲಿನ ಗೆರೆಗಳು ಎಲ್ಲವೂ ಸೇರಿ ಕಟ್ಟಿದ್ದು.

ಹಿನ್ನೆಲೆ

ಸಿಂಗಾಪುರದ ಬಸ್ಸುಗಳು ಮೊದಲಿನಿಂದಲೂ ಹೀಗಿರಲಿಲ್ಲ. 1960ರ ದಶಕದಲ್ಲಿ ಸಿಂಗಾಪುರ ಟ್ರ್ಯಾಕ್ಷನ್ ಕಂಪನಿಯ ಜೊತೆಗೆ ಚೀನೀ ಮಾಲೀಕರ ಹಲವು ಖಾಸಗಿ ಕಂಪನಿಗಳು ತಮ್ಮ ತಮ್ಮ ಮಾರ್ಗಗಳಲ್ಲಿ ಬಸ್ ಓಡಿಸುತ್ತಿದ್ದವು. ಬಸ್ಸು ದಾರಿಯಲ್ಲಿ ಕೆಟ್ಟು ನಿಲ್ಲುವುದು ಮಾಮೂಲಾಗಿತ್ತು. 1971ರಲ್ಲಿ ಚೀನೀ ಕಂಪನಿಗಳನ್ನು ಮೂರಕ್ಕೆ ಇಳಿಸಲಾಯಿತು. 1973ರಲ್ಲಿ ಆ ಮೂರೂ ಒಂದಾಗಿ ‘ಸಿಂಗಾಪುರ ಬಸ್ ಸರ್ವಿಸ್’ ಆಯಿತು. ಆಡಳಿತ, ದುರಸ್ತಿ, ಶಿಸ್ತು ಯಾವುದೂ ಹಳಿಗೆ ಬರದ ಕಾರಣ 1974ರಲ್ಲಿ ಸರ್ಕಾರ ತನ್ನ ಅಧಿಕಾರಿಗಳ ತಂಡವನ್ನೇ ಕಂಪನಿಗೆ ಕಳುಹಿಸಿತು. ರಸ್ತೆ, ರೈಲು, ಬಸ್ಸು ಎಲ್ಲವನ್ನೂ ಒಟ್ಟಾಗಿ ನೋಡಿಕೊಳ್ಳುವ ಭೂಸಾರಿಗೆ ಪ್ರಾಧಿಕಾರ 1995ರಲ್ಲಿ ಹುಟ್ಟಿತು. ಇಂದು ಈ ಪುಟ್ಟ ದ್ವೀಪದಲ್ಲಿ 300ಕ್ಕೂ ಹೆಚ್ಚು ಮಾರ್ಗಗಳಲ್ಲಿ 5,500ಕ್ಕೂ ಹೆಚ್ಚು ಬಸ್ಸುಗಳು ಓಡುತ್ತವೆ.

ಕಾಯುವಿಕೆಯ ಲೆಕ್ಕ

ಅರ್ಧ ಗಂಟೆ ಒಂದೂ ಬಸ್ಸಿಲ್ಲ, ಆಮೇಲೆ ಒಂದೇ ನಂಬರಿನ ಎರಡು ಒಟ್ಟಿಗೆ ಬರುತ್ತವೆ. ಬಸ್ಸಿಗೆ ಕಾದವರಿಗೆಲ್ಲ ಪರಿಚಿತವಾದ ಈ ಸಂಕಟಕ್ಕೆ ಕಾರಣ ಸರಳ. ಒಂದು ಬಸ್ಸು ಸ್ವಲ್ಪ ತಡವಾದರೆ ಮುಂದಿನ ನಿಲ್ದಾಣದಲ್ಲಿ ಹೆಚ್ಚು ಜನ ಸೇರಿರುತ್ತಾರೆ. ಅವರು ಹತ್ತುವಷ್ಟರಲ್ಲಿ ಅದು ಇನ್ನಷ್ಟು ತಡವಾಗುತ್ತದೆ. ಹಿಂದಿನ ಬಸ್ಸಿಗೆ ಜನ ಕಡಿಮೆ, ಹಾಗಾಗಿ ಅದು ಬೇಗ ಬೇಗ ಸಾಗಿ ಮುಂದಿನದನ್ನು ಹಿಡಿದುಬಿಡುತ್ತದೆ.

ಇದರ ನಷ್ಟವನ್ನು ಲೆಕ್ಕ ಹಾಕಿ ನೋಡಬಹುದು. ಬಸ್ಸುಗಳು ಸರಿಯಾಗಿ 10 ನಿಮಿಷಕ್ಕೊಂದು ಬಂದರೆ, ವೇಳಾಪಟ್ಟಿ ನೋಡದೆ ಬಂದ ಪ್ರಯಾಣಿಕರು ಸರಾಸರಿ 5 ನಿಮಿಷ ಕಾಯುತ್ತಾರೆ. ಅದೇ ಬಸ್ಸುಗಳು 18 ನಿಮಿಷಕ್ಕೊಮ್ಮೆ, 2 ನಿಮಿಷಕ್ಕೊಮ್ಮೆ ಎಂದು ಏರುಪೇರಾಗಿ ಬಂದವು ಎನ್ನೋಣ. ಆಗ ಹತ್ತರಲ್ಲಿ ಒಂಬತ್ತು ಜನ ದೊಡ್ಡ ಅಂತರಕ್ಕೆ ಸಿಕ್ಕಿ ಸರಾಸರಿ 9 ನಿಮಿಷ ಕಾಯುತ್ತಾರೆ. ಉಳಿದ ಒಬ್ಬರಿಗೆ ಮಾತ್ರ 1 ನಿಮಿಷ. ಒಟ್ಟು ಸರಾಸರಿ 8.2 ನಿಮಿಷ. ಗಂಟೆಗೆ ಓಡಿದ ಬಸ್ಸು ಎರಡೂ ಸಲ ಆರೇ, ಆದರೆ ಪ್ರಯಾಣಿಕರ ಪಾಲಿಗೆ ಸರಾಸರಿ 3.2 ನಿಮಿಷ ಹೆಚ್ಚು ಕಾಯುವ ಕರ್ಮ.

ಈ ಹೆಚ್ಚುವರಿ ಕಾಯುವಿಕೆಯನ್ನೇ ಅಳೆಯುವ ಪದ್ಧತಿ ಲಂಡನ್ನಿನಲ್ಲಿ ಮೊದಲೇ ಇತ್ತು. ಸಿಂಗಾಪುರ ಅದನ್ನು 2014ರಲ್ಲಿ ಪ್ರಾಯೋಗಿಕವಾಗಿ ತನ್ನದಾಗಿಸಿಕೊಂಡಿತು. ಕಾಯುವಿಕೆ 0.1 ನಿಮಿಷ, ಅಂದರೆ ಬರೀ 6 ಸೆಕೆಂಡ್ ಕಡಿಮೆಯಾದರೂ ಬಸ್ ಕಂಪನಿಗೆ ಪ್ರೋತ್ಸಾಹಧನ, ಹೆಚ್ಚಾದರೆ ದಂಡ. ಹಾಗಾಗಿ ನಿಯಂತ್ರಣ ಕೊಠಡಿಯಲ್ಲಿ ಕೂತವರ ಕಣ್ಣು ಸದಾ ಬಸ್ಸುಗಳ ನಡುವಿನ ಅಂತರದ ಮೇಲೆ. ಮುಂದೋಡಿದ ಬಸ್ಸನ್ನು ನಿಲ್ದಾಣದಲ್ಲಿ ತುಸು ತಡೆಯುವುದು, ಅಂತರ ತೀರಾ ದೊಡ್ಡದಾದರೆ ನಡುವೆ ಇನ್ನೊಂದನ್ನು ಬಿಡುವುದು ಅವರ ಕೆಲಸ.

ಬಸ್ಸು ಸರ್ಕಾರದ್ದು, ಓಡಿಸುವುದು ಕಂಪನಿ

2016ರಿಂದ ಇಡೀ ವ್ಯವಸ್ಥೆ ಗುತ್ತಿಗೆ ಮಾದರಿಗೆ ಬದಲಾಯಿತು. ಬಸ್ಸು, ಡಿಪೊ ಸರ್ಕಾರದ ಸ್ವತ್ತು. ಟಿಕೆಟ್ ಹಣವೂ ಸರ್ಕಾರಕ್ಕೇ. ಊರಿನ ಒಂದೊಂದು ಭಾಗದ ಮಾರ್ಗಗಳನ್ನು ಒಂದು ಗುಚ್ಛವಾಗಿಸಿ ಟೆಂಡರ್ ಕರೆಯುತ್ತಾರೆ. ಗೆದ್ದ ಕಂಪನಿ ಸಾಮಾನ್ಯವಾಗಿ ಐದು ವರ್ಷ ಓಡಿಸುತ್ತದೆ. ಕೆಲಸ ಚೆನ್ನಾಗಿದ್ದರೆ ಇನ್ನೆರಡು ವರ್ಷ. ಎಸ್‌ಬಿಎಸ್ ಟ್ರಾನ್ಸಿಟ್, ಎಸ್‌ಎಂಆರ್‌ಟಿ, ಟವರ್ ಟ್ರಾನ್ಸಿಟ್, ಗೋ-ಅಹೆಡ್ ಹೀಗೆ ಬಸ್ ಓಡಿಸಿದ ಕಂಪನಿಗಳು.

ಜನ ತುಂಬಿದರೆ ಮಾತ್ರ ಲಾಭ ಎಂಬ ಸ್ಥಿತಿಯಿದ್ದಾಗ ಯಾವ ಕಂಪನಿಗೂ ಖಾಲಿ ಓಡುವ ಮಾರ್ಗ ಬೇಡವಾಗುತ್ತದೆ. ಈಗ ಕಂಪನಿಗೆ ಹಣ ಬರುವುದು ಒಪ್ಪಿದ ಸೇವೆ ಕೊಟ್ಟಿದ್ದಕ್ಕೆ. ಬೆಳಿಗ್ಗೆ, ಸಂಜೆಯ ದಟ್ಟಣೆಯ ವೇಳೆ ಯಾವ ಮಾರ್ಗದಲ್ಲೂ ಅಂತರ 15 ನಿಮಿಷ ಮೀರಬಾರದು, ಬಡಾವಣೆಯಿಂದ ರೈಲು ನಿಲ್ದಾಣಕ್ಕೆ ಒಯ್ಯುವ ಫೀಡರ್ ಬಸ್ಸು 6ರಿಂದ 8 ನಿಮಿಷಕ್ಕೊಂದು ಇರಬೇಕು ಎಂಬುದು ಈ ಮಾದರಿಯ ಜೊತೆ ಬಂದ ಗುರಿ.

ರಸ್ತೆಯಲ್ಲಿ ಬಸ್ಸಿನ ಪಾಲು

ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡ ಬಸ್ಸು ಯಾವ ಕರಾರಿನಿಂದಲೂ ಹೊತ್ತಿಗೆ ಬಾರದು. ಬಸ್ಸಿಗೇ ಮೀಸಲಾದ ಪಥಗಳು ಇಲ್ಲಿ 1974ರಲ್ಲೇ ಬಂದವು. ಹಳದಿ ಗೆರೆಯ ಪಥ ದಟ್ಟಣೆಯ ವೇಳೆಗೆ ಮೀಸಲು. 2005ರಿಂದ ಬಂದ ಕೆಂಪು ಗೆರೆಯ ಪಥದ ಮೀಸಲು ಹಗಲಿಡೀ ಇರುತ್ತದೆ. ಗುರುತು ಹಾಕಿದ ನಿಲ್ದಾಣಗಳಿಂದ ಹೊರಡುವ ಬಸ್ಸಿಗೆ ಉಳಿದ ವಾಹನಗಳು ದಾರಿ ಬಿಡಬೇಕೆಂಬ ನಿಯಮ 2008ರಲ್ಲಿ ಬಂತು.

ಕಾರುಗಳ ಸಂಖ್ಯೆಗೂ ಕಡಿವಾಣವಿದೆ. ನಗರದ ನಡುಭಾಗಕ್ಕೆ ನುಗ್ಗುವ ಕಾರಿಗೆ 1975ರಿಂದಲೇ ಶುಲ್ಕ. ಕಾರು ಕೊಳ್ಳುವ ಮೊದಲು ಹತ್ತು ವರ್ಷದ ಹಕ್ಕುಪತ್ರವನ್ನು ಹರಾಜಿನಲ್ಲಿ ಪಡೆಯಬೇಕು. ಇದು 1990ರಿಂದ ಜಾರಿಯಲ್ಲಿದೆ. ಕಾರನ್ನು ಇಷ್ಟು ದುಬಾರಿ ಮಾಡಿದ ಮೇಲೆ ಒಳ್ಳೆಯ ಬಸ್ಸು ಕೊಡುವುದು ಸರ್ಕಾರದ ಹೊಣೆಯೇ ಆಗುತ್ತದೆ.

ನಿಲ್ದಾಣದಲ್ಲಿ, ಬಸ್ಸಿನೊಳಗೆ

ಪ್ರತಿ ನಿಲ್ದಾಣಕ್ಕೂ 5 ಅಂಕಿಯ ಸಂಖ್ಯೆಯಿದೆ. ಅದನ್ನು ಮೊಬೈಲಿಗೆ ಕೊಟ್ಟರೆ ಯಾವ ಬಸ್ಸು ಎಷ್ಟು ನಿಮಿಷದಲ್ಲಿ ಬರುತ್ತದೆಂದು ತಿಳಿಯುತ್ತದೆ. ಹಸಿರು ಬಣ್ಣವಿದ್ದರೆ ಸೀಟಿದೆ, ಹಳದಿಯಿದ್ದರೆ ನಿಲ್ಲಲು ಜಾಗವಿದೆ, ಕೆಂಪಾದರೆ ನಿಲ್ಲಲೂ ಇಕ್ಕಟ್ಟು. ನಿಲ್ದಾಣದಲ್ಲಿ ಕೈ ತೋರಿಸಿದರೆ ಬಸ್ಸು ನಿಲ್ಲುತ್ತದೆ. ಕಂಡಕ್ಟರ್ ಇಲ್ಲ. ಮುಂದಿನ ಬಾಗಿಲಲ್ಲಿ ಹತ್ತುವಾಗ ಕಾರ್ಡ್ ತಾಗಿಸಬೇಕು, ಹಿಂದಿನ ಬಾಗಿಲಲ್ಲಿ ಇಳಿಯುವಾಗ ಮತ್ತೊಮ್ಮೆ. ಇಳಿಯುವಾಗ ಮರೆತರೆ ಮಾರ್ಗದ ಕೊನೆಯವರೆಗಿನ ದರ ಬೀಳುತ್ತದೆ. ಅಮ್ಮ ಇದನ್ನೊಂದು ಸಲ ಕಲಿತ ಮೇಲೆ ಮತ್ತೆ ಮರೆಯಲಿಲ್ಲ.

2010ರಿಂದ ದರ ಕ್ರಮಿಸಿದ ದೂರಕ್ಕೆ ತಕ್ಕಂತೆ. ಬಸ್ಸಿಂದ ಬಸ್ಸಿಗೆ, ಬಸ್ಸಿಂದ ರೈಲಿಗೆ ಐದು ಸಲದವರೆಗೆ ಬದಲಿಸಿದರೂ ಅದು ಒಂದೇ ಪ್ರಯಾಣ. ಪ್ರತಿ ಬದಲಾವಣೆ 45 ನಿಮಿಷದೊಳಗೆ, ಇಡೀ ಪ್ರಯಾಣ ಎರಡು ಗಂಟೆಯೊಳಗೆ ಆಗಬೇಕು. ಹಾಗಾಗಿ ನೇರ ಬಸ್ಸಿಗೇ ಕಾದು ಕೂರಬೇಕಿಲ್ಲ. ಮೊದಲು ಬಂದದ್ದನ್ನು ಹತ್ತಿ ಮುಂದೆ ಬದಲಿಸಬಹುದು.

ಎಲ್ಲರೂ ಹತ್ತುವ ಬಸ್ಸು

ಗಾಲಿಕುರ್ಚಿ ಹತ್ತಿಸಬಹುದಾದ ಬಸ್ಸುಗಳು 2006ರಲ್ಲಿ ಬಂದವು. 2020ರ ಡಿಸೆಂಬರ್ ಹೊತ್ತಿಗೆ ಎಲ್ಲ ಸಾರ್ವಜನಿಕ ಬಸ್ಸುಗಳೂ ಹಾಗಾದವು. ಮಗುವಿನ ತಳ್ಳುಗಾಡಿಯನ್ನು ಮಡಚದೆ ಹಾಗೇ ಏರಿಸಲು 2017ರಿಂದ ಅನುಮತಿಯಿದೆ. ಮೊಮ್ಮಗುವನ್ನು ಕರೆದೊಯ್ಯುವ ಅಜ್ಜಿಯರಿಗೆ ಇದು ದೊಡ್ಡ ವರ.

ಒಂದು ಬೆಳಿಗ್ಗೆ, ಕೆಲಸಕ್ಕೆ ಹೋಗುವವರಿಂದ ತುಂಬಿದ ಬಸ್ಸು ಒಂದು ನಿಲ್ದಾಣದಲ್ಲಿ ನಿಂತಿತು. ಹೊರಗೆ ಗಾಲಿಕುರ್ಚಿಯಲ್ಲಿ ಒಬ್ಬ ಹಿರಿಯರು. ಚಾಲಕ ತನ್ನ ಸೀಟಿನಿಂದೆದ್ದು ಹಿಂದಿನ ಬಾಗಿಲಿಗೆ ಬಂದರು. ಬಾಗಿ, ನೆಲಕ್ಕೆ ಹೊಂದಿಕೊಂಡಿದ್ದ ಹಲಗೆಯನ್ನು ಹೊರಕ್ಕೆ ಮಗುಚಿ, ಕುರ್ಚಿಯನ್ನು ಮೇಲಕ್ಕೆ ತಳ್ಳಿ, ಅದಕ್ಕೆಂದೇ ಬಿಟ್ಟ ಜಾಗದಲ್ಲಿ ನಿಲ್ಲಿಸಿದರು. ಎಲ್ಲಿ ಇಳಿಯಬೇಕೆಂದು ಕೇಳಿಕೊಂಡು ತಮ್ಮ ಸೀಟಿಗೆ ಮರಳಿದರು. ಒಂದೂವರೆ ನಿಮಿಷ ಹಿಡಿದಿರಬಹುದು. ಯಾರೂ ಗೊಣಗಲಿಲ್ಲ. ಗೊಣಗುವ ಅಗತ್ಯವೂ ಇರಲಿಲ್ಲ. ಹೋದ ಒಂದೂವರೆ ನಿಮಿಷವನ್ನು ಸರಿದೂಗಿಸುವವರು ನಿಯಂತ್ರಣ ಕೊಠಡಿಯಲ್ಲಿದ್ದರು, ಮುಂದೆ ಬದಲಿಸಬೇಕಾದ ಬಸ್ಸು ತಪ್ಪಿದರೂ ಅದರ ಹಿಂದೆ ಇನ್ನೊಂದಿತ್ತು. ಅಮ್ಮ ಪಕ್ಕದಲ್ಲೇ ಕೂತಿದ್ದರು. ಆ ಹಿರಿಯರು ಇಳಿಯುವಾಗಲೂ ಚಾಲಕ ಎದ್ದು ಬಂದದ್ದನ್ನು ನೋಡಿ, “ನಾಳೆ ಪಾಪುನೂ ಕರ್ಕೊಂಡು ಬರೋಣ” ಎಂದರು.