ಗೋಲ್ಕೊಂಡ ವಜ್ರಗಳ ತಾಯಿಬಂಡೆ

ಗೋಲ್ಕೊಂಡದ ಕೋಟೆಯ ಆಸುಪಾಸಿನಲ್ಲಿ ವಜ್ರದ ಗಣಿ ಎಂದೂ ಇರಲಿಲ್ಲ. ಅದು ಮಾರಾಟದ ಪೇಟೆ, ಸುಂಕದ ಕಟ್ಟೆ. ಕಲ್ಲುಗಳು ಬರುತ್ತಿದ್ದುದು ಕೃಷ್ಣಾ ಕಣಿವೆಯ ಕೊಲ್ಲೂರು, ಪರಿಟಾಲ, ಕರ್ನೂಲು ಸೀಮೆಯ ರಾಮಳ್ಳಕೋಟದಂಥ ಊರುಗಳಿಂದ. ಮದ್ರಾಸಿನ ಗವರ್ನರ್ ಥಾಮಸ್ ಪಿಟ್ ಕೊಂಡು ಇಂಗ್ಲೆಂಡಿಗೆ ಕಳಿಸಿದ 410 ಕ್ಯಾರೆಟ್‌ ಕಲ್ಲು ಫ್ರಾನ್ಸಿನ ಅರಮನೆ ಸೇರಿ ‘ರೀಜೆಂಟ್’ ಎನಿಸಿಕೊಂಡಿತು. ಅದೂ ಈ ಕಣಿವೆಯದೇ. ಆದರೆ ವಜ್ರ ಹುಟ್ಟುವುದು ನದಿಯ ಜಲ್ಲಿಯಲ್ಲಲ್ಲ. ಭೂಮಿಯ ಆಳದಲ್ಲಿ ಹುಟ್ಟಿ, ಯಾವುದೋ ಗಟ್ಟಿ ಬಂಡೆಯೊಳಗೆ ಕೂತು ಮೇಲೆ ಬಂದು, ಆ ಬಂಡೆ ಸವೆದ ಮೇಲೆಯೇ ಅದು ಜಲ್ಲಿಗೆ ಇಳಿಯಬೇಕು. ಕೃಷ್ಣೆಯ ವಜ್ರಗಳಿಗೆ ಆ ತಾಯಿಬಂಡೆ ಯಾವುದು ಎಂಬ ಹುಡುಕಾಟಕ್ಕೆ ನೂರೈವತ್ತು ವರ್ಷಗಳ ಹತ್ತಿರ ಹತ್ತಿರವಾಯಿತು. ಎಲ್ಲೋ ಒಂದು ಭಾರೀ ಗಣಿ ಇನ್ನೂ ಅವಿತು ಕೂತಿದೆ, ಸಿಕ್ಕರೆ ಗೋಲ್ಕೊಂಡ ಮರಳಿ ಬರುತ್ತದೆ ಎಂಬ ನಂಬಿಕೆ ಈ ಹುಡುಕಾಟದ ಬೆನ್ನಿಗೇ ಇದೆ. ಇರುವ ಪುರಾವೆಗಳನ್ನು ಜೋಡಿಸಿ ನೋಡಿದರೆ ಕಾಣುವುದು ಬೇರೆ: ತಾಯಿಬಂಡೆ ಬಹುಮಟ್ಟಿಗೆ ಸಿಕ್ಕಾಗಿದೆ, ಸಿಕ್ಕಿರುವುದು ಅದರ ಬುಡ ಮಾತ್ರ. ವಜ್ರ ತುಂಬಿದ್ದ ಮೇಲ್ಭಾಗವನ್ನು ಮಳೆ, ನದಿಗಳು ಮನುಷ್ಯ ಹುಟ್ಟುವ ಎಷ್ಟೋ ಮೊದಲೇ ಅಗೆದು ಮುಗಿಸಿವೆ.

ಮೊದಲ ಸಾಕ್ಷಿ 17ನೇ ಶತಮಾನದ ಫ್ರೆಂಚ್ ವ್ಯಾಪಾರಿ ಟ್ಯಾವರ್ನಿಯರ್. 1676ರಲ್ಲಿ ಅಚ್ಚಾದ ತನ್ನ ಪ್ರವಾಸಕಥನದಲ್ಲಿ ಆತ ಎರಡು ಬಗೆಯ ಗಣಿಗಾರಿಕೆಯನ್ನು ವರ್ಣಿಸುತ್ತಾನೆ. ಕೊಲ್ಲೂರಿನಲ್ಲಿ ಗಂಡಸರು ಹತ್ತು ಹದಿನಾಲ್ಕು ಅಡಿ, ನೀರು ಜಿನುಗುವವರೆಗೆ ನೆಲ ಅಗೆಯುತ್ತಿದ್ದರು. ಹೆಂಗಸರು, ಮಕ್ಕಳು ಮಣ್ಣು ಹೊರುತ್ತಿದ್ದರು. ಗಿಡ್ಡ ಗೋಡೆಯ ಅಂಗಳದಲ್ಲಿ ಮಣ್ಣು ಸುರಿದು, ನೀರು ಬಿಟ್ಟು ನೆನೆಸಿ, ಕೆಸರು ಹರಿಯಬಿಟ್ಟು, ಉಳಿದ ಮರಳನ್ನು ಒಣಗಿಸಿ, ಕಾಳು ಕೇರುವಂತೆ ಕೇರಿ, ಹೆಂಟೆಗಳನ್ನು ಕುಟ್ಟಿ ಪುಡಿಮಾಡಿ ಕೈಯಿಂದ ಆರಿಸುತ್ತಿದ್ದರು. ಅಲ್ಲಿ ಅರವತ್ತು ಸಾವಿರ ಜನ ದುಡಿಯುತ್ತಿದ್ದರೆಂದು ಆತನ ಲೆಕ್ಕ. ಆತ ‘ರಾವಲ್ಕೊಂಡ’ ಎಂದು ಕರೆದ ಊರಿನ ಕೆಲಸವೇ ಬೇರೆ. ಅಲ್ಲಿ ಬಂಡೆಯ ಬಿರುಕುಗಳು ಅರ್ಧ ಬೆರಳಿನಿಂದ ಒಂದು ಬೆರಳಗಲ. ತುದಿ ಬಾಗಿದ ಕಬ್ಬಿಣದ ಸಲಾಕೆ ತೂರಿಸಿ ಒಳಗಿನ ಮಣ್ಣನ್ನು ಎಳೆದು, ಅದನ್ನು ತೊಳೆದು ಹುಡುಕುತ್ತಿದ್ದರು. ಈ ಊರು ರಾಮಳ್ಳಕೋಟ ಎಂದು ಗುರುತಿಸಿದ್ದು ಆತನ ಪುಸ್ತಕವನ್ನು 1889ರಲ್ಲಿ ಇಂಗ್ಲಿಷಿಗೆ ತಂದ ಭೂವಿಜ್ಞಾನಿ ವ್ಯಾಲೆಂಟೈನ್ ಬಾಲ್. ಹಾಗಾದರೆ ವಜ್ರ ಬಂಡೆಯಲ್ಲೇ ಸಿಕ್ಕಿತಲ್ಲ ಎನ್ನಬಹುದು. ಆದರೆ ರಾಮಳ್ಳಕೋಟದ ಬಂಡೆ ತಾಯಿಯಲ್ಲ, ಸಾಕುತಾಯಿ. ಅದು ಬನಗಾನಪಲ್ಲಿ ಪದರ ಎಂದು ಹೆಸರಾದ, ಉರುಟುಕಲ್ಲು, ಮರಳು ಗಟ್ಟಿಯಾಗಿ ಆದ ಶಿಲೆ. ವಜ್ರ ಅದರೊಳಗೆ ಬರುವ ಹೊತ್ತಿಗೇ ಒಂದು ಪ್ರಯಾಣ ಮುಗಿಸಿತ್ತು.

ನಿಜವಾದ ತಾಯಿ ಹೇಗಿರುತ್ತಾಳೆಂದು ಜಗತ್ತಿಗೆ ಗೊತ್ತಾದದ್ದು ದಕ್ಷಿಣ ಆಫ್ರಿಕಾದ ಕಿಂಬರ್ಲಿಯಲ್ಲಿ. 1870ರ ಆಸುಪಾಸಿನಲ್ಲಿ ನದಿಯಿಂದ ದೂರದ ಒಣನೆಲದಲ್ಲಿ ವಜ್ರ ಸಿಕ್ಕಿತು. ಮೇಲಿನ ಹಳದಿ ಮಣ್ಣಿನ ಕೆಳಗೆ ನೀಲಿ ಕಲ್ಲು, ಅದು ನೆಟ್ಟಗೆ ಆಳಕ್ಕೆ ಇಳಿದ ಜ್ವಾಲಾಮುಖಿಯ ಕೊಳವೆ. ಆ ಶಿಲೆಗೆ ಕಿಂಬರ್ಲೈಟ್ ಎಂದು ಹೆಸರಾಯಿತು. ಅದರ ಬೆನ್ನಲ್ಲೇ ಅನಂತಪುರ ಜಿಲ್ಲೆಯ ವಜ್ರಕರೂರಿನತ್ತ ಕಣ್ಣು ಹೊರಳಿತು. ಒಂದು ಕಾಲಕ್ಕೆ ವಿಜಯನಗರಕ್ಕೆ ಸೇರಿದ್ದ ಸೀಮೆ ಅದು. ಇಪ್ಪತ್ತು ಮಂಜಾಡಿಗಿಂತ ಹೆಚ್ಚು ತೂಕದ ವಜ್ರ ಅರಸನ ಬೊಕ್ಕಸಕ್ಕೇ ಸಲ್ಲಬೇಕೆಂಬ ಕರಾರನ್ನು ಪೋರ್ಚುಗೀಸ ನೂನಿಜ್ ದಾಖಲಿಸಿದ್ದಾನೆ. ಇಂದಿಗೂ ಮುಂಗಾರಿನ ಮೊದಲ ಮಳೆ ಬಿದ್ದರೆ ವಜ್ರಕರೂರು, ಜೊನ್ನಗಿರಿ, ತುಗ್ಗಲಿಯ ಹೊಲಗಳಲ್ಲಿ ನಮ್ಮ ಬಳ್ಳಾರಿ ಕಡೆಯವರೂ ಸೇರಿ ಜನ ಬಗ್ಗಿ ನಡೆಯುತ್ತಾರೆ. 1880ರ ದಶಕದಲ್ಲಿ ಫ್ರೆಂಚ್ ಭೂವಿಜ್ಞಾನಿ ಶಾಪೆರ್ ಇಲ್ಲಿನ ವಜ್ರ ಪೆಗ್ಮಟೈಟ್ ಶಿಲೆಯದೆಂದು ವಾದಿಸಿ ಹಾದಿ ತಪ್ಪಿದ. ಊರ ಪಕ್ಕದ ನೀಲಿ ಕಲ್ಲಿನ ಕೊಳವೆಯನ್ನೂ ಆ ಕಾಲದಲ್ಲೇ ಗುರುತಿಸಿದ್ದರು, ಆದರೆ ಗಣಿ ಮಾಡುವಷ್ಟು ವಜ್ರ ಸಿಗಲಿಲ್ಲ. ಸ್ವಾತಂತ್ರ್ಯಾನಂತರ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಅನಂತಪುರ, ಮಹಬೂಬ್‌ನಗರ, ನಮ್ಮ ರಾಯಚೂರು, ಯಾದಗಿರಿಯ ಅಂಚುಗಳವರೆಗೆ ಇಂಥ ಕೊಳವೆಗಳನ್ನು ಡಜನ್‌ಗಟ್ಟಲೆ ಪತ್ತೆಮಾಡಿತು. ಅವುಗಳಲ್ಲಿ ಹೆಚ್ಚಿನವಕ್ಕೆ ಸುಮಾರು 110 ಕೋಟಿ ವರ್ಷ ವಯಸ್ಸು. ಒಂದೂ ಲಾಭದ ಗಣಿಯಾಗಲಿಲ್ಲ.

ಈ ಸೋಲೇ ವಾದದ ಕೀಲಿ. ಕಿಂಬರ್ಲೈಟ್ ಕೊಳವೆ ಆಲಿಕೆಯ ಹಾಗೆ: ಬಾಯಿ ಅಗಲ, ಕೆಳಗೆ ಹೋದಂತೆ ಸಪೂರ. ಶಿಲೆಯ ಹೆಚ್ಚಿನ ಗಾತ್ರ, ಅದರ ಜೊತೆಗೆ ಹೆಚ್ಚಿನ ವಜ್ರ, ಮೇಲ್ಭಾಗದಲ್ಲೇ. ಅನಂತಪುರದ ಕೊಳವೆಗಳಲ್ಲಿ ಉಳಿದಿರುವುದು ಕೆಳತುದಿ. ಬಾಯಿಯ ಭಾಗ ನೆಲದ ಮೇಲೆ ಎಲ್ಲೂ ಇಲ್ಲ. ಅದು ಹೋದದ್ದೆಲ್ಲಿಗೆ ಎಂಬುದಕ್ಕೆ ಬನಗಾನಪಲ್ಲಿ ಪದರವೇ ಉತ್ತರ. ಕರ್ನೂಲು ಶಿಲಾಸಮೂಹದ ತಳದಲ್ಲಿ ಕೋಟ್ಯಂತರ ವರ್ಷಗಳ ಹಿಂದೆ ಶೇಖರವಾದ ಅದರಲ್ಲಿ ಆಗಲೇ ವಜ್ರ ಇದ್ದವೆಂದರೆ, ಆ ಹೊತ್ತಿಗೇ ಕೊಳವೆಗಳು ಬಯಲಾಗಿ ಸವೆಯುತ್ತಿದ್ದವು ಎಂದಾಯಿತು. ಆಮೇಲೆ ಕೃಷ್ಣೆ, ಪೆನ್ನಾರ್ ಈ ಪದರವನ್ನು ಕೊರೆದು, ಅದರೊಳಗಿನ ವಜ್ರವನ್ನು ಎರಡನೇ ಸಲ ಬಿಡಿಸಿ ಇಂದಿನ ಜಲ್ಲಿಗೆ ಹಾಕಿದವು. ವಜ್ರಕರೂರಿಗೂ ಕೊಲ್ಲೂರಿಗೂ ನಡುವೆ ನೂರಾರು ಕಿಲೋಮೀಟರ್ ಇರುವುದು ಈ ಲೆಕ್ಕದಲ್ಲಿ ಅಡ್ಡಿಯಲ್ಲ, ಏಕೆಂದರೆ ಅಷ್ಟು ದೂರವನ್ನು ವಜ್ರ ಒಂದೇ ಸಲಕ್ಕೆ ಕ್ರಮಿಸಿಲ್ಲ. ದೂರದ ಪ್ರಯಾಣ ವಜ್ರವನ್ನು ಕೆಡಿಸುತ್ತದೆಂಬುದೂ ಸರಿಯಲ್ಲ. ಬಿರುಕು ಬಿಟ್ಟವು ದಾರಿಯಲ್ಲೇ ಪುಡಿಯಾಗುತ್ತವೆ, ಗಟ್ಟಿಯಾದವು ಮಾತ್ರ ಮುಟ್ಟುತ್ತವೆ. ದಕ್ಷಿಣ ಆಫ್ರಿಕಾದಿಂದ ಆರೆಂಜ್ ನದಿ ಹೊತ್ತು ನಮೀಬಿಯಾದ ಕಡಲತೀರಕ್ಕೆ ಚೆಲ್ಲಿದ ವಜ್ರಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಆಭರಣಕ್ಕೆ ಒದಗುವಂಥವು. ಗೋಲ್ಕೊಂಡದ ಕಲ್ಲುಗಳ ಖ್ಯಾತಿಗೂ ಈ ಸೋಸುವಿಕೆಯ ಪಾಲಿದೆ.

ಇದಕ್ಕೆ ಬಲವಾದ ಆಕ್ಷೇಪ ಒಂದಿದೆ. ಕೃಷ್ಣೆಗೆ ಹತ್ತಿರದ ನಾರಾಯಣಪೇಟೆ ಗುಂಪಿನ ಕೊಳವೆಗಳು ಬರಿದು. ವಜ್ರವಿರುವ ವಜ್ರಕರೂರಿನ ಗುಂಪಿನಲ್ಲೂ ಪ್ರಮಾಣ ಅತ್ಯಲ್ಪ. ಇಂಥ ಬಡ ತಾಯಿಗೆ ರೀಜೆಂಟಿನಂಥ ಮಗುವೇ? ಉತ್ತರ ಲೆಸೊಥೊದ ಲೆಟ್ಸೆಂಗ್ ಗಣಿಯಲ್ಲಿದೆ. ಅಲ್ಲಿ ನೂರು ಟನ್ ಶಿಲೆಗೆ ಸಿಗುವುದು ಎರಡು ಕ್ಯಾರೆಟ್‌ನಷ್ಟು. ಆದರೂ 2018ರಲ್ಲಿ 910 ಕ್ಯಾರೆಟ್‌ನ ಒಂದೇ ಕಲ್ಲು ಎದ್ದುಬಂತು. ಸಾರಜನಕ ಇಲ್ಲವೆನ್ನುವಷ್ಟು ಕಡಿಮೆ ಇರುವ ದೊಡ್ಡ ವಜ್ರಗಳು ಮಾಮೂಲಿ ವಜ್ರಗಳಿಗಿಂತ ತೀರಾ ಆಳದಲ್ಲಿ, ದ್ರವರೂಪದ ಲೋಹದ ನಡುವೆ ಬೆಳೆದವೆಂದು 2016ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿದೆ. ಗೋಲ್ಕೊಂಡದ ಹೆಸರಾಂತ ಕಲ್ಲುಗಳಲ್ಲಿ ಅನೇಕವು ಇದೇ ಜಾತಿಯವು. ವಜ್ರದ ಜಾಡು ಹಿಡಿಯಲು ಬಳಸುವ ಗಾರ್ನೆಟ್ ಹರಳುಗಳು ಕಡಿಮೆ ಆಳದ ಮಾಮೂಲಿ ವಜ್ರಗಳ ನೆರೆಯವರು. ದೊಡ್ಡ ಕಲ್ಲುಗಳ ಬಗ್ಗೆ ಅವು ಬಾಯಿ ಬಿಡುವುದಿಲ್ಲ. ಲಕ್ಷಗಟ್ಟಲೆ ಟನ್‌ಗೆ ಒಂದು ಬರುವ ಕಲ್ಲನ್ನು ಸಣ್ಣ ಮಾದರಿ ಪರೀಕ್ಷೆ ಹಿಡಿಯುವುದೂ ಇಲ್ಲ. ಬರಿದು ಎಂಬ ತೀರ್ಪು ಇಂಥ ಕಲ್ಲುಗಳ ಮಟ್ಟಿಗೆ ತೀರ್ಪೇ ಅಲ್ಲ.

ಇನ್ನೊಂದು ಮಾತು ಸೈಬೀರಿಯಾವನ್ನು ಮುಂದಿಡುತ್ತದೆ. 1954ರಲ್ಲಿ ಲಾರಿಸಾ ಪೊಪುಗಾಯೆವಾ ನದಿಪಾತ್ರದ ಗಾರ್ನೆಟ್ ಹರಳುಗಳ ಬೆನ್ನುಹತ್ತಿ ಮೇಲಕ್ಕೆ ಹೋಗಿ ಯಾಕೂತಿಯಾದ ಮೊದಲ ಕಿಂಬರ್ಲೈಟನ್ನು ಕಂಡಳು. ಮರುವರ್ಷವೇ ಸಮೃದ್ಧವಾದ ಮೀರ್ ಕೊಳವೆ ಸಿಕ್ಕಿತು. ಹಾಗೇ ಇಲ್ಲೂ ಯಾಕಾಗಬಾರದು? ಆಗಬಹುದು, ದಖ್ಖಣದ ಲಾವಾ ಪದರದ ಅಡಿಯಲ್ಲೋ ಕಡಪ ಶಿಲೆಗಳ ಅಡಿಯಲ್ಲೋ ಕೊಳವೆಗಳು ಹುದುಗಿರಲು ಸಾಧ್ಯ. ಆದರೆ ಮುಚ್ಚಿಹೋದ ಕೊಳವೆ ಮುಚ್ಚಿದಂದಿನಿಂದ ಯಾವ ನದಿಗೂ ವಜ್ರ ಕೊಟ್ಟಿರಲಾರದು. ಯಾಕೂತಿಯಾದಲ್ಲಿ ಜಾಡು ಒಂದೇ ಸುತ್ತಿನದು: ಕೊಳವೆಯಿಂದ ನೇರ ಹೊಳೆಗೆ. ಇಲ್ಲಿ ಜಾಡು ಬನಗಾನಪಲ್ಲಿಯ ಬಂಡೆಯಲ್ಲಿ ಒಮ್ಮೆ ಕಡಿದು ಮತ್ತೆ ಶುರುವಾಗಿದೆ. ಮೆತ್ತನೆಯ ಸೂಚಕ ಹರಳುಗಳು ಆ ನಡುವೆ ಸವೆದು ವಜ್ರ ಮಾತ್ರ ಉಳಿದಿದ್ದರೆ, ಹಿಂಬಾಲಿಸಲು ಜಾಡೇ ಇರುವುದಿಲ್ಲ.

ಹಾಗಾಗಿ ಹುಡುಕಾಟದ ಪ್ರಶ್ನೆಯನ್ನೇ ಬದಲಿಸಬೇಕು. ಒಂದು ತಾಯಿಗಣಿ ಎಲ್ಲಿದೆ ಎನ್ನುವ ಬದಲು, ಹಲವು ಬಡ ಕೊಳವೆಗಳಿಂದ ಹೋದದ್ದು ಎಲ್ಲೆಲ್ಲಿ ಕೂಡಿಬಿದ್ದಿದೆ ಎಂದು ಕೇಳುವುದು ಲೇಸು. ಅದಕ್ಕೆ ಬೇಕಾದದ್ದು ಬನಗಾನಪಲ್ಲಿ ಪದರದ ಹಳೆಯ ಹರಿವಿನ ದಿಕ್ಕುಗಳ ನಕ್ಷೆ. ರಾಮಳ್ಳಕೋಟದ ಗಣಿಗಾರರಿಗೆ ಈ ಭೂವಿಜ್ಞಾನ ಗೊತ್ತಿರಲಿಲ್ಲ, ಆದರೆ ವಜ್ರ ಎಲ್ಲಿ ದಟ್ಟವಾಗಿದೆಯೋ ಅಲ್ಲಿಗೇ ಅವರ ಸಲಾಕೆ ಹೋಯಿತು. ಗೋಲ್ಕೊಂಡದ ಐಶ್ವರ್ಯ ಯಾವುದೋ ಒಂದು ಸಿರಿವಂತ ಬಂಡೆಯ ಕೊಡುಗೆಯಾಗಿರಲಿಲ್ಲ. ಸವೆತ, ಸಾಗಣೆ, ಸೋಸುವಿಕೆಗಳು ಕೋಟ್ಯಂತರ ವರ್ಷ ಕೂಡಿಸಿಟ್ಟ ಗಳಿಕೆಯಾಗಿತ್ತು. ಗಣಿಗಾರರು ಅದನ್ನು ಮೂರ್ನಾಲ್ಕು ಶತಮಾನಗಳಲ್ಲಿ ಖರ್ಚುಮಾಡಿದರು.